ಪ್ರೊಸೆಸರ್ ಬದಲಿಸಿದ್ರೆ ಗೇಮ್ ಸಲೀಸಾಗಿ ಓಡುತ್ತಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಿ.ಇ. ಓದುತ್ತಿದ್ದೇನೆ. ಅಣ್ಣ 2020ರಲ್ಲಿ ಕೊಂಡ ಲ್ಯಾಪ್‌ಟಾಪ್ ಈಗ ನನ್ನ ಪಾಲಿಗೆ ಬಂದಿದೆ. ಐ5-9300ಎಚ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್. ಜಿಟಿಎ 5 ಹಾಕಿದರೆ ಮೊದಲ ಕಾಲು ಗಂಟೆ ಚೆನ್ನಾಗಿರುತ್ತೆ, ಆಮೇಲೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತೆ, ಗೇಮ್ ತಡೆದು ತಡೆದು ಓಡುತ್ತೆ. ಜೊತೆಗೆ ಬ್ರೌಸರ್ ತೆರೆದಿದ್ದರಂತೂ ಆಡೋಕೇ ಆಗಲ್ಲ. ರಿಪೇರಿ ಅಂಗಡಿಯವರೊಬ್ಬರು 18 ಸಾವಿರಕ್ಕೆ ಐ7 ಹಾಕಿಕೊಡ್ತೀನಿ ಅಂದರು. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಹೆಚ್ಚುಕಮ್ಮಿ ಅಷ್ಟೇ ಇದೆ. ಹಾಕಿಸಲಾ?

ಉತ್ತರ: ಬೇಡ. ಕಷ್ಟಪಟ್ಟು ಕೂಡಿಟ್ಟ ದುಡ್ಡು, ದಯವಿಟ್ಟು ಅದನ್ನ ಇದಕ್ಕೆ ಹಾಕಬೇಡಿ.

ನಿಮ್ಮ ಪ್ರೊಸೆಸರ್ ಮದರ್‌ಬೋರ್ಡಿಗೆ ಬೆಸುಗೆ ಹಾಕಿರುವಂಥದ್ದು. ಡೆಸ್ಕ್‌ಟಾಪಿನಲ್ಲಿ ಒಂದನ್ನ ತೆಗೆದು ಇನ್ನೊಂದನ್ನ ಕೂರಿಸುತ್ತಾರಲ್ಲ, ಹಾಗೆ ಮಾಡೋಕೆ ಇಲ್ಲಿ ಸಾಕೆಟ್ಟೇ ಇಲ್ಲ. ಅಂಗಡಿಯವರು ಹೇಳ್ತಿರೋದು ಬಹುಶಃ ಇಡೀ ಮದರ್‌ಬೋರ್ಡ್ ಬದಲಿಸುವ ವಿಷಯ. ಅಂದರೆ ಇನ್ಯಾವುದೋ ಲ್ಯಾಪ್‌ಟಾಪಿನಿಂದ ಬಿಚ್ಚಿದ ಹಳೇ ಬೋರ್ಡ್. ಅದು ಎಷ್ಟು ವರ್ಷ ಬಿಸಿ ತಿಂದಿದೆ ಅಂತ ಯಾರಿಗೂ ಗೊತ್ತಿರಲ್ಲ. ಅದರ ಮೇಲಿನ ಗ್ರಾಫಿಕ್ಸ್ ಚಿಪ್ಪೂ ಅಷ್ಟೇ ಹಳೇದು.

ಸರಿ, ಬೋರ್ಡ್ ಹೊಸದೇ ಸಿಕ್ಕಿತು ಅಂದುಕೊಳ್ಳಿ. ಅದೇ ಕಾಲದ ಐ7-9750ಎಚ್‌ನಲ್ಲಿ 6 ಕೋರ್ (ಲೆಕ್ಕ ಮಾಡುವ ಘಟಕ) ಇವೆ, ನಿಮ್ಮದರಲ್ಲಿ 4. ವೇಗದ ಗರಿಷ್ಠ ಮಿತಿ ನಿಮ್ಮದು 4.1 ಗಿಗಾಹರ್ಟ್ಸ್, ಅದರದು 4.5. ಕಾಗದದ ಮೇಲೆ ವ್ಯತ್ಯಾಸ ಚೆನ್ನಾಗೇ ಕಾಣುತ್ತೆ. ಆದರೆ ಆ 4.1 ಅನ್ನೋದು ಚಿಪ್ ತಣ್ಣಗಿದ್ದಾಗಿನ ಮಾತು. ಬಿಸಿ 100 ಡಿಗ್ರಿ ಹತ್ತಿರ ಹೋದ ತಕ್ಷಣ ಪ್ರೊಸೆಸರ್ ತನ್ನನ್ನ ಕಾಪಾಡಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು "ಮೊದಲ ಕಾಲು ಗಂಟೆ ಚೆನ್ನಾಗಿರುತ್ತೆ" ಅನ್ನೋ ಮಾತು. ಪ್ರೊಸೆಸರಿಗೆ ಶಕ್ತಿ ಸಾಲದೇ ಇದ್ದಿದ್ದರೆ ಮೊದಲ ನಿಮಿಷದಿಂದಲೇ ತೊಂದರೆ ಕೊಡಬೇಕಿತ್ತು, ಅಲ್ವಾ? ಕಾಲು ಗಂಟೆ ಆದಮೇಲೆ ಶುರುವಾಗುತ್ತೆ ಅಂದರೆ ಅದು ಬಿಸಿಯ ಕಾಟ. ಅದೇ ಫ್ಯಾನ್, ಅದೇ ಧೂಳು ಹಿಡಿದ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ಇಟ್ಟುಕೊಂಡು ಐ7 ಹಾಕಿದರೂ ಕಾಲು ಗಂಟೆಗೆ ಇದೇ ಕಥೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ, ಖರ್ಚೇನೂ ಇಲ್ಲ. ಗೇಮಿನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತೆ ಅನ್ನೋ ಲೆಕ್ಕ) ತೋರಿಸುವ ಹಾಗೆ ಮಾಡಿಕೊಂಡು, ಒಂದೇ ಜಾಗದಲ್ಲಿ ನಿಂತು ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಅಲ್ಲಿಯವರೆಗೆ ತಡೆದಿದ್ದು ಗ್ರಾಫಿಕ್ಸ್ ಚಿಪ್. ಏರದೆ ಹಾಗೇ ನಿಂತರೆ ಪ್ರೊಸೆಸರ್ ಅಥವಾ ರ‍್ಯಾಮ್. ಇದನ್ನ ಆಟ ಶುರುವಾದಾಗ ಒಮ್ಮೆ, ತಡೆಯೋಕೆ ಶುರುವಾದ ಮೇಲೆ ಇನ್ನೊಮ್ಮೆ ಮಾಡಿ, ಎರಡೂ ಸಲದ ಅಂಕಿ ಬರೆದಿಟ್ಟುಕೊಳ್ಳಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ 50 ಪರ್ಸೆಂಟ್ ಅಂತ ತೋರಿಸಿದರೆ ಅದು ಆರಾಮಾಗಿದೆ ಅಂತ ತಿಳಿಯಬೇಡಿ. ಅದು ಎಲ್ಲಾ ಕೋರ್‌ಗಳ ಸರಾಸರಿ. ಒಂದು ಕೋರ್ ಪೂರ್ತಿ ದಣಿದು, ಉಳಿದವು ಅರ್ಧಂಬರ್ಧ ಕೆಲಸದಲ್ಲಿದ್ದರೂ ಹಾಗೇ ಕಾಣುತ್ತೆ. ಆದರೆ ಅಲ್ಲೇ ಕಾಣುವ ಗಿಗಾಹರ್ಟ್ಸ್ ಅಂಕಿ ನೋಡಿ. ಶುರುವಿನಲ್ಲಿ 4ರ ಹತ್ತಿರ ಇದ್ದದ್ದು ಕಾಲು ಗಂಟೆಗೆ 2.4ಕ್ಕೋ ಅದಕ್ಕಿಂತ ಕೆಳಕ್ಕೋ ಬಿದ್ದಿದ್ದರೆ ಬಿಸಿಯ ವಿಷಯ ಹೆಚ್ಚುಕಡಿಮೆ ಖಚಿತ. ಚಾರ್ಜರ್ ಹಾಕಿಯೇ ನೋಡಿ, ಅದೂ ಲ್ಯಾಪ್‌ಟಾಪ್ ಜೊತೆ ಬಂದ ಚಾರ್ಜರ್. ಕಡಿಮೆ ವ್ಯಾಟಿನ ಬೇರೆ ಚಾರ್ಜರ್ ಹಾಕಿದರೂ ವೇಗ ಇಳಿಯುತ್ತೆ.

ಆಮೇಲೆ ಲ್ಯಾಪ್‌ಟಾಪ್ ಬಿಚ್ಚಿಸಿ ಫ್ಯಾನ್, ಹೀಟ್‌ಸಿಂಕ್ ಎರಡರ ಧೂಳೂ ತೆಗೆಸಿ, ಚಿಪ್ಪಿನ ಬಿಸಿಯನ್ನ ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದು ಹಚ್ಚಿಸಿ. ಇಷ್ಟು ವರ್ಷಕ್ಕೆ ಹಳೇ ಪೇಸ್ಟ್ ಒಣಗಿರುತ್ತೆ. ಕೆಲಸ ನಿಮ್ಮ ಎದುರಿಗೇ ಆಗಲಿ. ಹಾಸಿಗೆ ಮೇಲಿಟ್ಟುಕೊಂಡು ಆಡುವ ಅಭ್ಯಾಸ ಇದ್ದರೆ ಬಿಡಿ, ಕೆಳಗಿನಿಂದ ಗಾಳಿ ಎಳೆದುಕೊಳ್ಳೋಕೆ ಜಾಗ ಬೇಕು.

ಇನ್ನು ರ‍್ಯಾಮ್. ಬ್ರೌಸರ್ ತೆರೆದರೆ ಆಡೋಕೇ ಆಗಲ್ಲ ಅಂದಿದ್ದೀರಲ್ಲ, ಅದು ಬಿಸಿಯದ್ದಲ್ಲ, 8 ಜಿಬಿ ಸಾಲದೇ ಹೋಗುತ್ತಿರುವುದು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಅಂತ ಇರುತ್ತೆ. ಎರಡರಲ್ಲಿ ಒಂದು ಅಂತಿದ್ದರೆ ನಿಮ್ಮ ಅದೃಷ್ಟ. ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿದರೆ ಜಾಗ ಎರಡರಷ್ಟು ಆಗುವುದು ಮಾತ್ರ ಅಲ್ಲ, ದಾರಿಯೂ ಎರಡಾಗುತ್ತೆ. 2666 ವೇಗದ ಒಂದು ರ‍್ಯಾಮ್ ಸೆಕೆಂಡಿಗೆ ಸುಮಾರು 21 ಜಿಬಿ ಸಾಗಿಸಬಲ್ಲದು, ಎರಡು ಸೇರಿದರೆ ಸುಮಾರು 42. ಪ್ರೊಸೆಸರ್ ಮೇಲೆ ಜಾಸ್ತಿ ಹೊರೆ ಹಾಕುವ ಗೇಮ್‌ಗಳಲ್ಲಿ ತಡೆಯುವುದು ಕಡಿಮೆಯಾಗೋದು ಇದರಿಂದಲೇ. ಲ್ಯಾಪ್‌ಟಾಪಿನ ಡಿಡಿಆರ್4 ಅಂತ ಕೇಳಿ ತಗೊಳ್ಳಿ, ಡೆಸ್ಕ್‌ಟಾಪಿನ ಉದ್ದ ರ‍್ಯಾಮ್ ಇದರಲ್ಲಿ ಕೂರಲ್ಲ.

ಎರಡೂ ಆದಮೇಲೆ ಜಿಟಿಎ 5 ನಿಮಗೆ ಖುಷಿ ಕೊಡುತ್ತೆ ಅಂತ ಧೈರ್ಯವಾಗಿ ಹೇಳ್ತೀನಿ, ಅದು 2015ರಲ್ಲಿ ಕಂಪ್ಯೂಟರಿಗೆ ಬಂದ ಗೇಮ್. ಈಚಿನ ದೊಡ್ಡ ಗೇಮ್‌ಗಳ ವಿಷಯ ಬೇರೆ. ಅಲ್ಲಿ ನಿಮ್ಮ ಗ್ರಾಫಿಕ್ಸ್ ಚಿಪ್ಪಿನ 4 ಜಿಬಿ ಮೆಮೊರಿ ಸಾಲಲ್ಲ, ಅದನ್ನ ಹೆಚ್ಚಿಸುವ ದಾರಿಯೂ ಇಲ್ಲ. ಗೇಮಿನ ಸೆಟ್ಟಿಂಗಿನಲ್ಲಿ ಟೆಕ್ಸ್ಚರ್ (ಮೇಲ್ಮೈಗಳ ಚಿತ್ರದ ಸೂಕ್ಷ್ಮತೆ) ಇಳಿಸಿ ಆಡಿ. ಉಳಿದ ದುಡ್ಡು ಕೆಲಸ ಸಿಕ್ಕ ಮೇಲೆ ಕೊಳ್ಳುವ ಲ್ಯಾಪ್‌ಟಾಪಿಗೆ ಇರಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ 2014ರ ಲ್ಯಾಪ್‌ಟಾಪ್ ಇದೆ, ಐ3-4000ಎಂ. ಇದರ ಪ್ರೊಸೆಸರ್ ಬದಲಿಸಬಹುದು ಅಂತ ಗೆಳೆಯ ಹೇಳ್ತಾನೆ. ನಿಜವಾ? ಮಗನಿಗೆ ಗೇಮ್ ಆಡೋಕೆ ಬೇಕಂತೆ. — ಶಿವಮೊಗ್ಗ

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಇಂಟೆಲ್‌ನ 4ನೇ ತಲೆಮಾರಿನಲ್ಲಿ ಹೆಸರಿನ ಕೊನೆಗೆ ಎಂ ಅಥವಾ ಎಂಕ್ಯೂ ಇದ್ದರೆ ಅದು ಸಾಕೆಟ್ಟಿನಲ್ಲಿ ಕೂರುವಂಥದ್ದು, ಯು ಅಥವಾ ಎಚ್‌ಕ್ಯೂ ಇದ್ದರೆ ಬೆಸುಗೆ. ಐ7-4702ಎಂಕ್ಯೂ ಕೂಡ ನಿಮ್ಮ ಐ3 ಹಾಗೇ 37 ವ್ಯಾಟಿನದ್ದು, ಕೋರ್ ಮಾತ್ರ 2ರ ಬದಲು 4. ನಿಮ್ಮ ಲ್ಯಾಪ್‌ಟಾಪಿನ ಬಯೋಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಅದನ್ನ ಒಪ್ಪುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು. ಆದರೂ ಗೇಮಿಗಾಗಿ ಇದನ್ನ ಮಾಡಿಸಬೇಡಿ. ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲದಿದ್ದರೆ ಚಿತ್ರ ಮೂಡಿಸುವ ಕೆಲಸ ಪ್ರೊಸೆಸರ್ ಒಳಗಿನ ಎಚ್‌ಡಿ 4600 ಮಾಡಬೇಕು, ಐ7 ಹಾಕಿದರೂ ಒಳಗಿರೋದು ಅದೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರನ್ನ ಅಧಿಕೃತವಾಗಿ ಒಪ್ಪಲ್ಲ. ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಮಗನ ಓದಿಗೆ, ಪ್ರಾಜೆಕ್ಟಿಗೆ ಇನ್ನೊಂದೆರಡು ವರ್ಷ ಬರುತ್ತೆ.