ಹಳೆಯ ನಿಕಾನ್ ಲೆನ್ಸ್, ಹೊಸ ನಿಕಾನ್ ಕ್ಯಾಮೆರಾ

ಪ್ರಶ್ನೆ: ಏಳು ವರ್ಷಗಳಿಂದ ನಿಕಾನ್ ಡಿ7200 ಕ್ಯಾಮೆರಾದಲ್ಲಿ ಯಕ್ಷಗಾನದ ಫೋಟೊ ತೆಗೆಯುತ್ತಿದ್ದೇನೆ. ನನ್ನಲ್ಲಿರುವುದು 18-140 ಲೆನ್ಸ್, 50 ಎಂ.ಎಂ. ಎಫ್ 1.8 ಡಿ ಮತ್ತು ಸೆಕೆಂಡ್ ಹ್ಯಾಂಡ್ ಕೊಂಡ 80-200 ಎಫ್ 2.8 ಡಿ. ಈಗ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಕೊಳ್ಳುವ ಯೋಚನೆಯಿದೆ. ಲೆನ್ಸ್‌ಗಳೆಲ್ಲ ನಿಕಾನ್‌ನವೇ ಆದ್ದರಿಂದ ಅಡಾಪ್ಟರ್ ಹಾಕಿ ಅದೇ ಕಂಪನಿಯಲ್ಲಿ ಮುಂದುವರಿಯುವುದು ಲಾಭವೆಂದು ಕೆಲವರು, ಸೋನಿಗೆ ಹೋಗುವುದೇ ಒಳ್ಳೆಯದೆಂದು ಇನ್ನು ಕೆಲವರು ಹೇಳುತ್ತಾರೆ. ನಿಕಾನ್‌ನ ಮಿರರ್‌ಲೆಸ್ ವ್ಯವಸ್ಥೆಯಾದ ಝೆಡ್‌ನ ಗುಣದೋಷಗಳನ್ನು ತಿಳಿಸುವಿರಾ?
– ಓದುಗರು, ಉಡುಪಿ

ಉತ್ತರ: ಮೊದಲು ನಿಮ್ಮ 80-200 ಲೆನ್ಸಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಉಳಿದ ಲೆಕ್ಕಾಚಾರವೆಲ್ಲ ಅದರ ಮೇಲೆಯೇ ನಿಂತಿದೆ. ಆ ಲೆನ್ಸಿನೊಳಗೆ ಫೋಕಸ್ ಮೋಟಾರ್ ಇಲ್ಲ. ಅದನ್ನು ಕಳಚಿ ಹಿಂಭಾಗ ನೋಡಿದರೆ ಲೋಹದ ಉಂಗುರದಲ್ಲಿ ಸ್ಕ್ರೂವಿನ ತಲೆಯಂತಹ ಒಂದು ಪುಟ್ಟ ಸೀಳು ಕಾಣುತ್ತದೆ. ನಿಮ್ಮ ಡಿ7200ರ ಮೌಂಟಿನಿಂದ (ಲೆನ್ಸ್ ಕೂರುವ ಬಾಯಿಯಿಂದ) ಹೊರಚಾಚಿರುವ ಚಿಕ್ಕ ತುದಿ ಆ ಸೀಳಿನಲ್ಲಿ ಕೂತು ತಿರುಗಿದಾಗ ಮಾತ್ರ ಫೋಕಸ್ ಆಗುತ್ತದೆ. ಹಳೆಯ ಲೆನ್ಸನ್ನು ಝೆಡ್ ಕ್ಯಾಮೆರಾಕ್ಕೆ ಜೋಡಿಸುವ ನಿಕಾನ್‌ನ ಎಫ್‌ಟಿಝೆಡ್ ಅಡಾಪ್ಟರಿನಲ್ಲಿ ಆ ತುದಿಯೂ ಇಲ್ಲ, ಅದನ್ನು ತಿರುಗಿಸುವ ಮೋಟಾರೂ ಇಲ್ಲ. ಹಾಗಾಗಿ ಝೆಡ್ ಕ್ಯಾಮೆರಾಕ್ಕೆ ಜೋಡಿಸಿದ ಮೇಲೆ 80-200 ಮತ್ತು 50 ಎರಡನ್ನೂ ಕೈಯಿಂದಲೇ ಫೋಕಸ್ ಮಾಡಬೇಕು. ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕನ್ನಡಿಯ ಮುಂದೆ ಕೂತು ಚುಟ್ಟಿ (ಮುಖದ ಮೇಲಿನ ಬಿಳಿ ಚುಕ್ಕಿಗಳ ಅಲಂಕಾರ) ಇಟ್ಟುಕೊಳ್ಳುವ ಕಲಾವಿದರ ಚಿತ್ರಕ್ಕೆ ಇದು ತೊಂದರೆಯಲ್ಲ. ಫೋಕಸ್ ಕೂಡಿದಾಗ ವ್ಯೂಫೈಂಡರಿನಲ್ಲಿ ಕಾಣುವ ಫೋಕಸ್ ಚೌಕ ಹಸಿರಾಗುತ್ತದೆ, ನಿಧಾನವಾಗಿ ಕ್ಲಿಕ್ಕಿಸಬಹುದು. ಆದರೆ ರಂಗದಲ್ಲಿ ಪುಂಡುವೇಷ (ತರುಣ ವೀರರ ಪಾತ್ರ) ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವಾಗ ಎಫ್ 2.8ರಷ್ಟು ಅಗಲವಾಗಿ ತೆರೆದ ಅಪರ್ಚರಿನಲ್ಲಿ (ಬೆಳಕು ಬರುವ ಕಿಂಡಿಯಲ್ಲಿ) ಕೈಯಿಂದ ಫೋಕಸ್ ಹಿಡಿಯುವುದು ಬಹಳ ಅಭ್ಯಾಸವಿದ್ದವರಿಗೂ ಕಷ್ಟ. ಉಳಿದ 18-140ರಲ್ಲಿ ಮೋಟಾರ್ ಇದೆ, ಆದರೆ ಅದು ಡಿಎಕ್ಸ್ ಲೆನ್ಸ್, ಅಂದರೆ ನಿಮ್ಮ ಡಿ7200ರಂತಹ ಚಿಕ್ಕ ಸೆನ್ಸರಿಗೆ ಮಾಡಿದ್ದು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸೆನ್ಸರಿನ ನಡುಭಾಗವಷ್ಟೇ ಬಳಕೆಯಾಗಿ 24 ಮೆಗಾಪಿಕ್ಸೆಲ್ ಸುಮಾರು 10ಕ್ಕೆ ಇಳಿಯುತ್ತದೆ. ಎಲ್ಲ ಲೆನ್ಸ್‌ಗಳೂ ನಿಕಾನ್‌ನವೇ ಎಂಬ ವಾದದಲ್ಲಿ ನಿಮ್ಮ ಮಟ್ಟಿಗೆ ಹೆಚ್ಚು ತಿರುಳಿಲ್ಲ.

ಹಾಗೆಂದು ಝೆಡ್ ವ್ಯವಸ್ಥೆ ಕಡಿಮೆಯದೇನಲ್ಲ. 1959ರಿಂದ ಬಂದ, ನಿಮ್ಮ ಈಗಿನ ಕ್ಯಾಮೆರಾದಲ್ಲಿರುವ ಎಫ್ ಮೌಂಟಿನ ಒಳವ್ಯಾಸ 44 ಮಿ.ಮೀ., ಮೌಂಟಿನಿಂದ ಸೆನ್ಸರಿಗೆ 46.5 ಮಿ.ಮೀ. ಅಂತರ. 2018ರಲ್ಲಿ ಬಂದ ಝೆಡ್ ಮೌಂಟಿನಲ್ಲಿ ವ್ಯಾಸ 55 ಮಿ.ಮೀ.ಗೆ ಹಿಗ್ಗಿತು, ಅಂತರ 16 ಮಿ.ಮೀ.ಗೆ ಇಳಿಯಿತು. ದೊಡ್ಡ ಗಾಜನ್ನು ಸೆನ್ಸರಿನ ಸನಿಹಕ್ಕೆ ತರಲು ಸಾಧ್ಯವಾದದ್ದರಿಂದ ಝೆಡ್ ಲೆನ್ಸ್‌ಗಳು ಪೂರ್ತಿ ತೆರೆದ ಅಪರ್ಚರಿನಲ್ಲೂ ಚಿತ್ರದ ಅಂಚಿನವರೆಗೆ ಸ್ಪಷ್ಟವಾಗಿರುತ್ತವೆ. ರಾತ್ರಿಯಿಡೀ ಎಫ್ 2.8ರಲ್ಲೇ ತೆಗೆಯುವ ನಿಮಗೆ ಇದರ ಬೆಲೆ ಗೊತ್ತು. 2025ರಲ್ಲಿ ಬಂದ ಫುಲ್ ಫ್ರೇಮ್ ಕ್ಯಾಮೆರಾ ಝೆಡ್5ರ ಎರಡನೆಯ ಆವೃತ್ತಿ ಮಂದ ಬೆಳಕಿನಲ್ಲಿ ಫೋಕಸ್ ಹಿಡಿಯುವುದರಲ್ಲಿ ಡಿ7200ಕ್ಕಿಂತ ಬಹಳ ಮುಂದಿದೆ, ಕೈನಡುಕ ತಡೆಯುವ ವ್ಯವಸ್ಥೆ ಬಾಡಿಯಲ್ಲೇ ಇದೆ, ಎಸ್‌ಡಿ ಕಾರ್ಡಿಗೆ ಎರಡು ಜಾಗಗಳಿವೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಲಾಭ, ಬರಲಿರುವ ಚಿತ್ರವನ್ನೇ ತೋರಿಸುವ ವ್ಯೂಫೈಂಡರಿನದು. ಬಣ್ಣದ ವೇಷದ ಮುಖದ ಮೇಲಿನ ಬಿಳಿ ಚುಟ್ಟಿಗೆ ಬೆಳಕು ಹೆಚ್ಚಾಗಿ ಒಂದೊಂದು ಚುಕ್ಕಿಯೂ ಕರಗಿ ಬಿಳಿ ಮಚ್ಚೆಯಾಗುತ್ತಿದ್ದರೆ ಅದು ಕ್ಲಿಕ್ಕಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಇನ್ನು ತೊಡಕುಗಳು. ಮೌನವಾಗಿ ಫೋಟೊ ತೆಗೆಯಬಹುದೆಂಬ ಆಸೆಯಿಂದ ಮಿರರ್‌ಲೆಸ್ ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಈಗ ರಂಗಸ್ಥಳದಲ್ಲಿ ಹೆಚ್ಚಾಗಿ ಎಲ್‌ಇಡಿ ದೀಪಗಳಿರುತ್ತವೆ. ಸೈಲೆಂಟ್ ಷಟರ್ ಬಳಸಿದರೆ ಸೆನ್ಸರ್ ಸಾಲು ಸಾಲಾಗಿ ಓದುವ ಹೊತ್ತಿನಲ್ಲಿ ಆ ದೀಪಗಳ ಮಿನುಗು ಚಿತ್ರದ ಮೇಲೆ ಅಡ್ಡಪಟ್ಟೆಗಳಾಗಿ ಮೂಡಬಹುದು, ಸುತ್ತುತ್ತಿರುವ ವೇಷದ ಕಿರೀಟ ಓರೆಯಾಗಬಹುದು. ಬಹುವೇಗವಾಗಿ ಓದುವ ಸೆನ್ಸರುಳ್ಳ ಝೆಡ್8, ಝೆಡ್9ರಲ್ಲಿ ಈ ಕಾಟ ಕಡಿಮೆ, ಬೆಲೆ ಮಾತ್ರ ಬೇರೆಯದೇ ಎತ್ತರದ್ದು. ಝೆಡ್5ರಲ್ಲಿ ಮೆಕ್ಯಾನಿಕಲ್ ಷಟರನ್ನೇ ಬಳಸಿ. ಕಣ್ಣನ್ನು ಗುರುತಿಸುವ ಫೋಕಸನ್ನೂ ಕಣ್ಣುಮುಚ್ಚಿ ನಂಬಬೇಡಿ. ದಪ್ಪ ಬಣ್ಣಗಾರಿಕೆಯ ಮುಖದಲ್ಲಿ ಯಾವ ಕಂಪನಿಯ ಕ್ಯಾಮೆರಾವೂ ತಡವರಿಸಬಹುದು. ಬ್ಯಾಟರಿಯ ವಿಷಯದಲ್ಲಂತೂ ಹಳೆಯದೇ ಮೇಲು: ಡಿ7200 ಒಂದು ಚಾರ್ಜಿಗೆ ಕಂಪನಿಯ ಲೆಕ್ಕದಲ್ಲಿ 1,110 ಚಿತ್ರ ಕೊಡುತ್ತದೆ, ಹೊಸದರಲ್ಲಿ ಅದರ ಮೂರನೆಯ ಒಂದು ಪಾಲು ಸಿಗುತ್ತದೆಂದು ಇಟ್ಟುಕೊಳ್ಳಿ. ಬೆಳಗಿನವರೆಗಿನ ಆಟಕ್ಕೆ ಮೂರು ಬ್ಯಾಟರಿ ಬೇಕು.

ಸೋನಿಯ ಹೆಚ್ಚುಗಾರಿಕೆ ಲೆನ್ಸ್‌ಗಳ ಆಯ್ಕೆಯಲ್ಲಿದೆ. 2010ರಿಂದ ಇರುವ ಅದರ ಇ ಮೌಂಟಿಗೆ ಹೊರಗಿನ ಕಂಪನಿಗಳ ಲೆನ್ಸ್‌ಗಳು ಧಾರಾಳವಾಗಿ ಸಿಗುತ್ತವೆ; ನಿಕಾನ್ ಝೆಡ್‌ಗೆ ಅಷ್ಟಿಲ್ಲ. ಆದರೂ ನಿಮಗೆ ಬೇಕಾದ ಲೆನ್ಸ್ ಇಲ್ಲಿಯೂ ಇದೆ. 2023ರಲ್ಲಿ ಬಂದ ನಿಕಾನ್ 70-180 ಎಫ್ 2.8ರ ತೂಕ 795 ಗ್ರಾಂ. ನಿಮ್ಮ 80-200 ಒಂದೂಕಾಲು ಕಿಲೋ ದಾಟುತ್ತದೆ. ಒಂದು ಎಚ್ಚರಿಕೆ: ಡಿ7200ರಲ್ಲಿ ನಿಮ್ಮ 200 ಎಂ.ಎಂ. ಸುಮಾರು 300ರಷ್ಟು ಹತ್ತಿರ ತೋರಿಸುತ್ತಿತ್ತು. ಫುಲ್ ಫ್ರೇಮಿನಲ್ಲಿ 180 ಎಂದರೆ 180 ಅಷ್ಟೇ, ನಾಲ್ಕಾರು ಸಾಲು ಮುಂದೆ ಕೂರಬೇಕಾಗುತ್ತದೆ.

ಆದ್ದರಿಂದ ಬಾಡಿ ಮತ್ತು 70-180 ಎರಡಕ್ಕೂ ಒಟ್ಟಿಗೆ ಹಣ ಕೂಡುವವರೆಗೆ ಕೊಳ್ಳಬೇಡಿ. ಬರಿಯ ಬಾಡಿ ಮತ್ತು ಅಡಾಪ್ಟರ್ ತಂದರೆ ಈಗಿರುವುದಕ್ಕಿಂತ ಕಡಿಮೆ ಚಿತ್ರಗಳೇ ಸಿಗುತ್ತವೆ. ಹಣ ಕೂಡಿದಾಗ ನಿಕಾನ್ ಮೆನು, ಬಟನ್‌ಗಳು ಕೈಗೆ ರೂಢಿಯಾಗಿರುವ ನಿಮಗೆ ನಿಕಾನನ್ನೇ ಸೂಚಿಸುತ್ತೇನೆ. ಕತ್ತಲಲ್ಲಿ ಬೆರಳಿಗೆ ನೆನಪಿರುವುದು ಸಣ್ಣ ವಿಷಯವಲ್ಲ. ಅಲ್ಲಿಯವರೆಗೆ 80-200ನ್ನು ಕಾಪಾಡಿಕೊಳ್ಳಿ. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕ್ಯಾಮೆರಾಗಳು ಕಪಾಟು ಸೇರುತ್ತವೆ, ಸರಿಯಾಗಿ ಆಗಲೇ ಮಳೆಗಾಲ ಹಿಡಿಯುತ್ತದೆ. ಲೆನ್ಸಿಗೆ ಫಂಗಸ್ ಬರುವುದು ಈ ತಿಂಗಳುಗಳಲ್ಲಿಯೇ. ಬಟ್ಟೆಯ ಬ್ಯಾಗಿನಲ್ಲಿ ಇಡದೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ಗಾಜಿನೊಳಗೆ ಜೇಡರ ಬಲೆಯಂತಹ ಎಳೆಗಳಿವೆಯೇ ನೋಡಿ. ಎಳೆ ಬಂದ ಲೆನ್ಸಿಗೆ ಮಾರುವಾಗ ಅರ್ಧ ಬೆಲೆಯೂ ಹುಟ್ಟುವುದು ಕಷ್ಟ.

ಪ್ರಶ್ನೆ: ನನ್ನದು ಡಿ3500, ಜೊತೆಗೆ 18-55 ಮತ್ತು 70-300 ಎಎಫ್-ಪಿ ಲೆನ್ಸ್‌ಗಳಿವೆ. ಅಡಾಪ್ಟರ್ ಹಾಕಿದರೆ ನನಗೂ ಫೋಕಸ್ ತೊಂದರೆ ಬರುವುದೇ?
– ಓದುಗರು, ಮಂಗಳೂರು

ಉತ್ತರ: ಬರುವುದಿಲ್ಲ. ಡಿ3500 ಬಾಡಿಯಲ್ಲೇ ಫೋಕಸ್ ಮೋಟಾರ್ ಇಲ್ಲದಿರುವುದರಿಂದ ಅದರಲ್ಲಿ ತಾನಾಗಿ ಫೋಕಸ್ ಆಗುವ ನಿಕಾನ್ ಲೆನ್ಸ್‌ಗಳೊಳಗೆ ಮೋಟಾರ್ ಇದ್ದೇ ಇರುತ್ತದೆ. ಅವು ಎಫ್‌ಟಿಝೆಡ್ ಮೂಲಕವೂ ಕೆಲಸ ಮಾಡುತ್ತವೆ. ಡಿಎಕ್ಸ್ ಲೆನ್ಸ್‌ಗಳಾದರೆ ಝೆಡ್5ರ ಬದಲು ಡಿಎಕ್ಸ್ ಸೆನ್ಸರಿನ ಝೆಡ್50ರ ಎರಡನೆಯ ಆವೃತ್ತಿ ನಿಮಗೆ ಸರಿಯಾದ ಜೋಡಿ. ಅದರ ಬಾಡಿಯಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ಆದ್ದರಿಂದ ನಿಮ್ಮ ಲೆನ್ಸ್‌ಗಳ ಮೇಲೆ ವಿಆರ್ (ಲೆನ್ಸಿನೊಳಗೇ ಕೈನಡುಕ ತಡೆಯುವ ವ್ಯವಸ್ಥೆಯಿದೆ ಎಂಬುದರ ಗುರುತು) ಎಂಬ ಅಕ್ಷರಗಳಿವೆಯೇ ಎಂದು ಮೊದಲು ನೋಡಿಕೊಳ್ಳಿ.