ಜೀವಸತ್ವಗಳು: ಕೊರತೆ ಇದ್ದವರಿಗೆ ಔಷಧಿ, ಇಲ್ಲದವರಿಗೆ?

ಪ್ರಶ್ನೆ: ನನಗೆ 42 ವರ್ಷ. ಕೆಲವು ತಿಂಗಳಿಂದ ಸ್ವಲ್ಪ ಕೆಲಸ ಮಾಡಿದರೂ ಸುಸ್ತಾಗುತ್ತದೆ. ಪರಿಚಯದವರೊಬ್ಬರು ಹೇಳಿದರೆಂದು ದಿನಾ ಒಂದು ಮಲ್ಟಿವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸುಸ್ತು ಹಾಗೆಯೇ ಇದೆ, ಮೂತ್ರ ಮಾತ್ರ ಕಡು ಹಳದಿಯಾಗಿದೆ. ಮಾತ್ರೆಯ ಪ್ರಮಾಣ ಹೆಚ್ಚಿಸಬೇಕೆ?

ಉತ್ತರ: ಹೆಚ್ಚಿಸಬೇಡಿ. ಮೂತ್ರಕ್ಕೆ ಆ ಬಣ್ಣ ಬಂದಿರುವುದು ಮಾತ್ರೆಯಲ್ಲಿರುವ ಬಿ2, ಅಂದರೆ ರೈಬೋಫ್ಲೇವಿನ್‌ನಿಂದ. ಅದು ಅಪಾಯದ ಸೂಚನೆಯಲ್ಲ. ದೇಹ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಹೊರಹಾಕುತ್ತಿದೆ, ಅಷ್ಟೆ.

ಒಟ್ಟು 13 ಜೀವಸತ್ವಗಳಿದ್ದು, ಅವುಗಳಲ್ಲಿ ಯಾವುದರಲ್ಲೂ ಕ್ಯಾಲೊರಿ ಇಲ್ಲವಾದ್ದರಿಂದ ಯಾವುದೂ ತಾನಾಗಿ ಶಕ್ತಿ ಕೊಡಲಾರದು. ಶಕ್ತಿ ದೊರೆಯುವುದು ಶರ್ಕರಪಿಷ್ಟ, ಕೊಬ್ಬು ಮತ್ತು ಪ್ರೋಟೀನಿನಿಂದ. ಅವುಗಳಿಂದ ಶಕ್ತಿಯನ್ನು ಬಿಡಿಸಿಕೊಳ್ಳುವ ಕಿಣ್ವಗಳು ಕೆಲಸ ಮಾಡಲು ಬಿ ಗುಂಪಿನ ಜೀವಸತ್ವಗಳ ನೆರವು ಬೇಕು. ಒಂದೇ ಕಣ ಮತ್ತೆ ಮತ್ತೆ ಬಳಕೆಯಾಗುವುದರಿಂದ ಬೇಕಾಗುವ ಪ್ರಮಾಣ ಬಹಳ ಕಡಿಮೆ: ವಯಸ್ಕ ಪುರುಷರಿಗೆ ಬಿ1 ದಿನಕ್ಕೆ ಸುಮಾರು 1.2 ಮಿಲಿಗ್ರಾಂ ಇದ್ದರೆ ಸಾಕು.

ಅಷ್ಟೂ ಸಿಗದಿದ್ದರೆ ಏನಾಗುತ್ತದೆಂಬುದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಜಾವಾ ದ್ವೀಪದಲ್ಲಿ ಕೋಳಿಗಳಿಂದ ತಿಳಿದುಬಂತು. ನರಗಳನ್ನು ದುರ್ಬಲಗೊಳಿಸಿ ಕಾಲಿನ ಬಲ ಕುಂದಿಸುವ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರ ಪ್ರಯೋಗಾಲಯದ ಕೋಳಿಗಳು ಕಾಲಿನ ಬಲ ಕಳೆದುಕೊಂಡು ಬಿದ್ದುಬಿಡುತ್ತಿದ್ದವು. ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ, ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನು ಅವಕ್ಕೆ ಹಾಕಲಾಗುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು ಆ ಅನ್ನ ಕೊಡಲು ಒಪ್ಪದಿದ್ದಾಗ ಪಾಲಿಶ್ ಮಾಡದ ಅಕ್ಕಿ ಹಾಕಬೇಕಾಯಿತು, ಕೋಳಿಗಳು ಎದ್ದು ಓಡಾಡತೊಡಗಿದವು. ತೌಡಿನ ಜೊತೆ ಹೊರಟುಹೋಗುತ್ತಿದ್ದ ವಸ್ತುವೇ ಬಿ1 ಎಂಬುದು ಆಮೇಲೆ ಖಚಿತವಾಯಿತು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಸಂದಿತು. ಆದರೆ ಆ ಕೋಳಿಗಳು ಚೇತರಿಸಿಕೊಂಡದ್ದು ಅವಕ್ಕೆ ಕೊರತೆ ಇದ್ದುದರಿಂದ ಎಂಬುದನ್ನು ಮರೆಯಬಾರದು. ಕೊರತೆ ಇಲ್ಲದವರು ಹತ್ತುಪಟ್ಟು ನುಂಗಿದರೂ ಕಿಣ್ವಗಳ ಕೆಲಸ ಹತ್ತುಪಟ್ಟು ಆಗುವುದಿಲ್ಲ.

ನಿಮ್ಮ ಸುಸ್ತಿಗೆ ಕಬ್ಬಿಣದ ಅಂಶದ ಕೊರತೆ, ಥೈರಾಯ್ಡ್ ತೊಂದರೆ, ಮಧುಮೇಹ, ನಿದ್ರೆಯ ಅಭಾವ, ಖಿನ್ನತೆ ಹೀಗೆ ಹಲವು ಕಾರಣಗಳಿರಬಹುದು. ದಯವಿಟ್ಟು ವೈದ್ಯರನ್ನು ಕಾಣಿ, ರಕ್ತಪರೀಕ್ಷೆಗೆ ಮುನ್ನ ಈ ಮಾತ್ರೆಯ ವಿಷಯವನ್ನೂ ತಿಳಿಸಿ. ಕೆಲವು ಮಾತ್ರೆಗಳಲ್ಲಿ ಹೆಚ್ಚಾಗಿ ಸೇರಿಸಿರುವ ಬಯೋಟಿನ್ ಎಂಬ ಬಿ ಗುಂಪಿನ ಜೀವಸತ್ವ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು.

ಪ್ರಶ್ನೆ: ನನ್ನ ತಂದೆಯವರಿಗೆ 66 ವರ್ಷ, ಶುದ್ಧ ಸಸ್ಯಾಹಾರಿ. ಮಧುಮೇಹಕ್ಕೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಈಗ ಪಾದಗಳು ಜೋಮು ಹಿಡಿದಂತಿರುತ್ತವೆ. ರಕ್ತಹೀನತೆ ಇದ್ದುದರಿಂದ ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿದ್ದೇವೆ. ಸಾಕಲ್ಲವೆ?

ಉತ್ತರ: ಸಾಲದು, ತಡವನ್ನೂ ಮಾಡಬಾರದು. ಪಾದದ ಜೋಮಿಗೆ ಮಧುಮೇಹವೇ ಕಾರಣವಿರಬಹುದು. ಆದರೆ ನೀವು ಬರೆದಿರುವ ಪ್ರತಿಯೊಂದು ಅಂಶವೂ ಬಿ12 ಕೊರತೆಯ ಕಡೆಗೂ ಬೆರಳು ತೋರುತ್ತದೆ. ಈ ಜೀವಸತ್ವವನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ನಮಗೆ ಅದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ ತಲುಪುತ್ತದೆಯೇ ಹೊರತು ಸೊಪ್ಪು, ತರಕಾರಿ, ಬೇಳೆಕಾಳುಗಳಲ್ಲಿ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ತಿಂದರೂ ಅದು ರಕ್ತ ಸೇರುವ ದಾರಿ ದೀರ್ಘವಾದುದು: ಜಠರದ ಆಮ್ಲ ಅದನ್ನು ಆಹಾರದ ಪ್ರೋಟೀನಿನಿಂದ ಬಿಡಿಸಬೇಕು, ಜಠರವೇ ಸ್ರವಿಸುವ ಇನ್ನೊಂದು ಪ್ರೋಟೀನು ಅದರೊಂದಿಗೆ ಕೂಡಿಕೊಳ್ಳಬೇಕು, ಆಗಷ್ಟೇ ಸಣ್ಣ ಕರುಳಿನ ಕೊನೆಯ ಭಾಗ ಅದನ್ನು ಹೀರಿಕೊಳ್ಳುತ್ತದೆ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಬಹುದು, ಮೆಟ್‌ಫಾರ್ಮಿನ್‌ನ ದೀರ್ಘಕಾಲದ ಬಳಕೆಯಿಂದ ಹೀರಿಕೆ ಕುಗ್ಗುತ್ತದೆ. ಯಕೃತ್ತಿನಲ್ಲಿ ಹಲವು ವರ್ಷಗಳಿಗಾಗುವಷ್ಟು ದಾಸ್ತಾನಿರುವುದರಿಂದ ಕೊರತೆ ಬೇಗ ಬಯಲಿಗೆ ಬರುವುದೂ ಇಲ್ಲ.

ಬಿ12 ಕಡಿಮೆಯಿರುವಾಗ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಸರಿಹೋಗಬಹುದು, ವರದಿ ನೋಡಿದ ಮನೆಯವರಿಗೆ ಸಮಾಧಾನವೂ ಆಗಬಹುದು. ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತಲೇ ಇರುತ್ತದೆ. ಬಹಳ ಕಾಲ ಹಾಗೆಯೇ ಬಿಟ್ಟ ಹಾನಿ ಪೂರ್ತಿ ವಾಸಿಯಾಗದೆಯೂ ಉಳಿಯಬಹುದು. ಈ ವಾರವೇ ಬಿ12 ಪರೀಕ್ಷೆ ಮಾಡಿಸಿ. ಕೊರತೆ ಕಂಡುಬಂದರೆ ಚುಚ್ಚುಮದ್ದು ಅಥವಾ ದೊಡ್ಡ ಪ್ರಮಾಣದ ಮಾತ್ರೆ, ಎರಡೂ ಪರಿಣಾಮಕಾರಿ. ಯಾವುದೆಂದು ವೈದ್ಯರು ನಿರ್ಧರಿಸಲಿ. ಮೆಟ್‌ಫಾರ್ಮಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ದಿನವೂ ಗಾಜಿನ ಕಿಟಕಿಯ ಪಕ್ಕ ಬಿಸಿಲಿನಲ್ಲಿ ಕುಳಿತು ಕೆಲಸ ಮಾಡುತ್ತೇನೆ. ಆದರೂ ವಿಟಮಿನ್ ಡಿ ಕಡಿಮೆಯಿದೆ ಎನ್ನುತ್ತಾರೆ. ಹೇಗೆ?

ಉತ್ತರ: ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ ಬಿ ಕಿರಣಗಳನ್ನು ಕಿಟಕಿಯ ಗಾಜು ಬಹುಪಾಲು ತಡೆದುಬಿಡುತ್ತದೆ. ಶಾಖ ತಟ್ಟುತ್ತದೆ, ಆ ಕಿರಣ ತಟ್ಟುವುದಿಲ್ಲ. ವೈದ್ಯರು ಮಾತ್ರೆ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ. ಎ, ಡಿ, ಇ ಮತ್ತು ಕೆ ಕೊಬ್ಬಿನಲ್ಲಿ ಕರಗುವ ಜೀವಸತ್ವಗಳು. ಹೆಚ್ಚಾದುದು ಬಿ2ರಂತೆ ಮೂತ್ರದಲ್ಲಿ ಸುಲಭವಾಗಿ ಹೊರಹೋಗುವುದಿಲ್ಲ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಕರಿಕೆ, ನಿಶ್ಶಕ್ತಿಯಿಂದ ಹಿಡಿದು ಮೂತ್ರಪಿಂಡದ ಹಾನಿಯವರೆಗೆ ತೊಂದರೆಗಳಾಗುತ್ತವೆ.

ಪ್ರಶ್ನೆ: ನಾನು ಇನ್ನೂ ಗರ್ಭಿಣಿಯಲ್ಲ, ಮಗುವಿನ ಬಗ್ಗೆ ಯೋಚಿಸುತ್ತಿದ್ದೇವೆ. ಫೋಲಿಕ್ ಆಮ್ಲವನ್ನು ಯಾವಾಗ ಆರಂಭಿಸಬೇಕು?

ಉತ್ತರ: ಈಗಲೇ. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ, ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಗರ್ಭಿಣಿಯೆಂಬುದೇ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ದಿನಕ್ಕೆ 400 ಮೈಕ್ರೋಗ್ರಾಂನಂತೆ, ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಮೊದಲ ಮೂರು ತಿಂಗಳು ಮುಗಿಯುವವರೆಗೆ ಬೇಕು. ಹಿಂದಿನ ಗರ್ಭದಲ್ಲಿ ನರನಾಳದ ದೋಷ ಕಂಡಿದ್ದವರಿಗೆ ಇದರ ಸುಮಾರು ಹತ್ತುಪಟ್ಟು ಬೇಕಾಗುವುದರಿಂದ ಅವರು ವೈದ್ಯರ ಸಲಹೆಯಂತೆಯೇ ನಡೆಯಬೇಕು. ಜೊತೆಗೆ ನಿಮ್ಮ ಮಾತ್ರೆಯಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಹೆಚ್ಚಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಅತಿಯಾದ ರೆಟಿನಾಲ್‌ನಿಂದ ಭ್ರೂಣದಲ್ಲಿ ಅಂಗದೋಷಗಳು ಉಂಟಾಗಬಲ್ಲವು.