ಕೊರತೆ ತುಂಬಬೇಕೋ, ಪ್ರತಿಭೆ ಹಿಡಿಯಬೇಕೋ: ಡೆಟ್ರಾಯಿಟ್‌ಗೆ ಹೊಸದಾಗಿ ಬಂದವರಿಗೊಂದು ಉತ್ತರ

ಬಾಡಿಗೆ ಮನೆ, ಕಾರಿನ ವಿಮೆ, ಹಿಮಕ್ಕೆ ಬೇಕಾದ ಟೈರು, ಮಕ್ಕಳ ಶಾಲೆ ಎಲ್ಲವನ್ನೂ ಕೇಳಿದ್ದೀರಿ. ಅವಕ್ಕೆ ಬೇರೆಯಾಗಿ ಬರೆಯುತ್ತೇನೆ. ಕೊನೆಯಲ್ಲಿ ಸಂಕೋಚದಿಂದ ಸೇರಿಸಿದ ಪ್ರಶ್ನೆಯೇ ನನಗೆ ಹೆಚ್ಚು ಹಿಡಿಸಿತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಹೋದ್ಯೋಗಿಗಳು ವಾರಗಟ್ಟಲೆ ಫುಟ್‌ಬಾಲ್ ಡ್ರಾಫ್ಟಿನ ಮಾತೇ ಆಡುತ್ತಾರೆ. ತಂಡದಲ್ಲಿ ಯಾವ ಜಾಗ ಬಡವಾಗಿದೆಯೋ ಅದನ್ನು ತುಂಬಬೇಕು ಎಂದು ಒಬ್ಬರು, ಉಳಿದವರಲ್ಲಿ ಅತ್ಯುತ್ತಮ ಯಾರೋ ಅವನನ್ನೇ ಹಿಡಿಯಬೇಕು ಎಂದು ಇನ್ನೊಬ್ಬರು. ನನ್ನ ಅಭಿಪ್ರಾಯ ಕೇಳಿದಾಗ ಸುಮ್ಮನೆ ಕುಳಿತೆ, ಇದನ್ನೆಲ್ಲ ಕಲಿಯಲೇಬೇಕೇ, ಇಬ್ಬರಲ್ಲಿ ಯಾರು ಸರಿ ಎಂದು ಬರೆದಿದ್ದೀರಿ.

ಕಲಿಯಲೇಬೇಕೆಂದಿಲ್ಲ. ಆದರೆ ಈ ಊರಿನ ಜನರಿಗೆ ತಮ್ಮ ಫುಟ್‌ಬಾಲ್ ತಂಡ ಲಯನ್ಸ್ ಎಂದರೆ ಅಜ್ಜನಿಂದ ಮೊಮ್ಮಗನಿಗೆ ಬಂದ ಆಸ್ತಿ. ನೀವು ಗೊತ್ತಿದ್ದವರಂತೆ ನಟಿಸುವುದು ಬೇಡ. ‘ನೀವಾಗಿದ್ದರೆ ಯಾರನ್ನು ಆರಿಸುತ್ತಿದ್ದಿರಿ, ಏಕೆ?’ ಎಂದು ಕೇಳಿ ನೋಡಿ. ವರ್ಷವಿಡೀ ತಲೆಯಾಡಿಸಿ ಮುಂದೆ ಹೋಗುತ್ತಿದ್ದವರು ಕುರ್ಚಿ ಎಳೆದುಕೊಂಡು ಕುಳಿತು ಅರ್ಧ ಗಂಟೆ ಮಾತಾಡುತ್ತಾರೆ. ಇಲ್ಲಿ ನನ್ನ ಸ್ನೇಹಗಳಲ್ಲಿ ಹಲವು ಹಾಗೆಯೇ ಬೆಳೆದವು.

ಮೊದಲು ವ್ಯವಸ್ಥೆ ಏನೆಂದು ಹೇಳುತ್ತೇನೆ. ಇದು ಅಮೆರಿಕನ್ ಫುಟ್‌ಬಾಲ್, ಎನ್‌ಎಫ್‌ಎಲ್. 32 ತಂಡಗಳು, ಪ್ರತಿ ಏಪ್ರಿಲ್ ಕೊನೆಗೆ ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು; ಸರದಿಯನ್ನು ಬೇರೆ ತಂಡದೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. 1936ರಲ್ಲಿ ಶುರುವಾದ ಪದ್ಧತಿ. ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆಯೇ ಹನ್ನೊಂದು ಜನ. ಕ್ರಿಕೆಟ್ಟಿನಲ್ಲಿ ಬ್ಯಾಟರ್ ಎರಡು ಓವರ್ ಬೌಲಿಂಗ್ ಮಾಡಿ ಸುಧಾರಿಸಬಹುದು; ಇಲ್ಲಿ ಚೆಂಡು ಹಿಡಿದು ಓಡುವವನನ್ನು ಎದುರಾಳಿಯ ಓಟಗಾರನ ಕಾವಲಿಗೆ ನಿಲ್ಲಿಸಲಾಗುವುದಿಲ್ಲ. ಪ್ರತಿ ಜಾಗವೂ ಬೇರೆ ಕಸುಬು. ಆದ್ದರಿಂದಲೇ ಕೊರತೆ ಕಣ್ಣಿಗೆ ರಾಚುತ್ತದೆ, ಅದನ್ನು ತುಂಬಬೇಕೆಂಬ ಒತ್ತಡವೂ ಅಷ್ಟೇ ಜೋರು.

ನಿಮಗೆ ಐಪಿಎಲ್ ಹರಾಜು ಗೊತ್ತಿರುವುದರಿಂದ ಅಲ್ಲಿಂದಲೇ ಹಿಡಿಯೋಣ. 2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜಿನಲ್ಲಿ ಆರ್‌ಸಿಬಿ ನಮ್ಮ ಕೆ.ಎಲ್. ರಾಹುಲ್ ಅವರನ್ನು ಕೊಳ್ಳದೆ ಬಿಟ್ಟಾಗ ಎಷ್ಟು ಕನ್ನಡಿಗರು ಸಿಟ್ಟಾದರು ನೆನಪಿರಬೇಕು. ಅವರು 14 ಕೋಟಿಗೆ ಡೆಲ್ಲಿಗೆ ಹೋದರು. ಆರ್‌ಸಿಬಿ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ ಕೊಟ್ಟು ಬೌಲಿಂಗ್ ಕಟ್ಟಿತು, 2025ರ ಜೂನ್ 3ರಂದು ಕಪ್ ಎತ್ತಿತು. ಕೊರತೆ ತುಂಬಿದವರು ಗೆದ್ದರು, ಅಲ್ಲಿಗೆ ವಾದ ಮುಗಿಯಿತಲ್ಲ ಎಂದು ನೀವು ಹೇಳಬಹುದು. ಮುಗಿಯುವುದಿಲ್ಲ. ಹರಾಜಿನಲ್ಲಿ ನೀವು ಕೊಳ್ಳುವುದು ಹೆಚ್ಚಾಗಿ ಪಳಗಿದ ಕೈ. ಹೇಜಲ್‌ವುಡ್ ಏನು ಮಾಡಬಲ್ಲರೆಂದು ಲೋಕಕ್ಕೇ ಗೊತ್ತಿತ್ತು. ಡ್ರಾಫ್ಟಿನಲ್ಲಿ ಬರುವವರು ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರು. ಹಲವರು ಪಕ್ವವಾಗಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಇಂದಿನ ಕೊರತೆ ಎಲ್ಲಿರುತ್ತದೆ? ಒಬ್ಬ ಗಾಯಗೊಳ್ಳುತ್ತಾನೆ, ಒಬ್ಬ ಒಪ್ಪಂದ ಮುಗಿಸಿ ಹೋಗುತ್ತಾನೆ, ಬಲವಾಗಿದ್ದ ಜಾಗವೇ ಬರಿದಾಗುತ್ತದೆ. ಹೊಸಬನ ಒಪ್ಪಂದ ನಾಲ್ಕು ವರ್ಷದ್ದು, ಮೊದಲ ಸುತ್ತಿನವನಾದರೆ ತಂಡ ಬಯಸಿದರೆ ಐದನೆಯದೂ ಉಂಟು. ನಾಲ್ಕೈದು ವರ್ಷದ ಸೊತ್ತನ್ನು ಈ ಸೆಪ್ಟೆಂಬರಿನ ಅಗತ್ಯ ನೋಡಿ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಪಕ್ಷಕ್ಕೆ ಬಲವಾದ ಸಾಕ್ಷಿ ಬಾಲ್ಟಿಮೋರ್ ರೇವನ್ಸ್. 1996ರಲ್ಲಿ ತಂಡ ಕ್ಲೀವ್‌ಲ್ಯಾಂಡ್‌ನಿಂದ ಆಗತಾನೇ ಅಲ್ಲಿಗೆ ಬಂದಿತ್ತು. ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಬೇಕಿತ್ತು. ಆ ಜಾಗಕ್ಕೆ ನೆಬ್ರಾಸ್ಕಾದ ಲಾರೆನ್ಸ್ ಫಿಲಿಪ್ಸ್ ಇನ್ನೂ ಉಳಿದಿದ್ದರು. ಆಯ್ಕೆಯ ಹೊಣೆ ಹೊತ್ತಿದ್ದ ಓಜಿ ನ್ಯೂಸಮ್ ನಾಲ್ಕನೇ ಸರದಿಯಲ್ಲಿ ಜೊನಾಥನ್ ಆಗ್ಡನ್ ಅವರನ್ನು ಆರಿಸಿದರು. ಆಗ್ಡನ್ ಆಡುವುದು ಎದುರಾಳಿಗಳನ್ನು ತಡೆಯುವ ಸಾಲಿನ ಲೆಫ್ಟ್ ಟ್ಯಾಕಲ್ ಜಾಗ; ಅಲ್ಲಿ ಆಗಲೇ ಒಳ್ಳೆಯ ಆಟಗಾರನಿದ್ದ. ಮೊದಲ ವರ್ಷ ಆಗ್ಡನ್ ಪಕ್ಕದ ಗಾರ್ಡ್ ಜಾಗದಲ್ಲಿ ನಿಂತು ಆಡಿದರು. ಅದೇ ಸುತ್ತಿನ 26ನೇ ಸರದಿಯಲ್ಲಿ ರೇ ಲೂಯಿಸ್ ಬಂದರು. ಇಬ್ಬರೂ ಈಗ ಆಟದ ಶ್ರೇಷ್ಠರಿಗೆ ಸಲ್ಲುವ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಫಿಲಿಪ್ಸ್ ಅವರನ್ನು ಆರನೇ ಸರದಿಯಲ್ಲಿ ಕರೆದುಕೊಂಡ ತಂಡ ಎರಡನೇ ವರ್ಷವೇ ಕೈಬಿಟ್ಟಿತು.

ಹಾಗೆಂದು ‘ಅತ್ಯುತ್ತಮನನ್ನೇ ಹಿಡಿಯಿರಿ’ ಎಂಬುದು ಮಂತ್ರವಲ್ಲ. ಡೆಟ್ರಾಯಿಟ್‌ನ ಹಿರಿಯರ ಮುಂದೆ ಹಾಗೆ ಹೇಳಿದರೆ ನೋವು ಕೆದಕಿದಂತೆ. ಲಯನ್ಸ್ 2003ರಲ್ಲಿ ಎರಡನೇ ಸರದಿಯಲ್ಲಿ ಚಾರ್ಲ್ಸ್ ರೋಜರ್ಸ್, 2004ರಲ್ಲಿ ಏಳನೆಯದರಲ್ಲಿ ರಾಯ್ ವಿಲಿಯಮ್ಸ್, 2005ರಲ್ಲಿ ಹತ್ತನೆಯದರಲ್ಲಿ ಮೈಕ್ ವಿಲಿಯಮ್ಸ್ ಅವರನ್ನು ಆರಿಸಿತು. ಮೂವರೂ ವೈಡ್ ರಿಸೀವರ್‌ಗಳು, ಅಂದರೆ ದೂರ ಓಡಿ ಚೆಂಡು ಹಿಡಿಯುವವರು. ಮೂರನೆಯವರು ಹಿಂದಿನ ಇಡೀ ಋತುವಿನಲ್ಲಿ ಒಂದೂ ಪಂದ್ಯ ಆಡಿರಲಿಲ್ಲ. ಅವರ ನಂತರದ ಸರದಿಯಲ್ಲೇ ಡಲ್ಲಾಸ್ ಡಿಮಾರ್ಕಸ್ ವೇರ್ ಅವರನ್ನು ಕೊಂಡೊಯ್ದಿತು; ಅವರೂ ಹಾಲ್ ಆಫ್ ಫೇಮ್ ಸೇರಿದರು. 2007ರಲ್ಲಿ ಲಯನ್ಸ್ ಮತ್ತೆ ವೈಡ್ ರಿಸೀವರನ್ನೇ ಆರಿಸಿದಾಗ ಜನ ಗೋಳಾಡಿದರು, ಆದರೆ ಆತ ಕ್ಯಾಲ್ವಿನ್ ಜಾನ್ಸನ್, ಅಪ್ಪಟ ಚಿನ್ನ. ಆತನಿದ್ದರೂ 2008ರಲ್ಲಿ ತಂಡ ಆಡಿದ ಹದಿನಾರು ಪಂದ್ಯಗಳನ್ನೂ ಸೋತಿತು. ಅದೇ ನಿಯಮ, ಅದೇ ಜಾಗ, ಫಲ ಮಾತ್ರ ಬೇರೆ ಬೇರೆ. ಅತ್ಯುತ್ತಮ ಎಂಬುದು ಹಣೆಯ ಮೇಲೆ ಬರೆದಿರುವುದಿಲ್ಲ. ಅದು ಆ ತಂಡದ ಕಣ್ಣು, ಅಂದಾಜು. ಕಣ್ಣೇ ಮಬ್ಬಾಗಿದ್ದರೆ ಯಾವ ತತ್ವವೂ ಕಾಯುವುದಿಲ್ಲ.

ಅದಕ್ಕೇ ಅನುಭವಿ ತಂಡಗಳು ಆಟಗಾರರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿ ಸುಮ್ಮನಾಗುವುದಿಲ್ಲ, ಗುಂಪು ಮಾಡುತ್ತವೆ. ಹದಿನಾಲ್ಕನೆಯವನಿಗೂ ಹದಿನೇಳನೆಯವನಿಗೂ ಇರುವ ಅಂತರ ನಿಜವಾದ ಅಂತರವಲ್ಲ. ಒಂದೇ ಗುಂಪಿನಲ್ಲಿ ನಾಲ್ವರು ಉಳಿದಿದ್ದರೆ ಆಗ ಕೊರತೆ ನೋಡಿ ಆರಿಸಬಹುದು, ತಪ್ಪೇನಿಲ್ಲ. ಮೇಲಿನ ಗುಂಪಿನವನು ಒಬ್ಬನೇ ಉಳಿದಿದ್ದು, ಅವನನ್ನು ಬಿಟ್ಟು ಕೊರತೆಗಾಗಿ ಕೆಳಗಿನ ಗುಂಪಿಗೆ ಕೈ ಹಾಕಿದರೆ ಅದು ತಪ್ಪು. ಊಟದ ಮೇಜಿನ ಜಗಳ ಬಹುಪಾಲು ಈ ಗೆರೆಯನ್ನು ಮರೆತೇ ನಡೆಯುತ್ತದೆ.

ಇನ್ನೊಂದು ಉಪಾಯ ಡ್ರಾಫ್ಟಿಗೆ ಮೊದಲೇ ನಡೆಯುತ್ತದೆ, ನನಗೆ ಅದೇ ಮುಖ್ಯ. ಮಾರ್ಚ್‌ನಲ್ಲಿ ಒಪ್ಪಂದ ಮುಗಿದ ಆಟಗಾರರ ಪೇಟೆ ತೆರೆಯುತ್ತದೆ. 2022ರಲ್ಲಿ ಲಯನ್ಸ್ ರಕ್ಷಣೆ ಎದುರಾಳಿಗಳಿಗೆ ಲೀಗಿನಲ್ಲೇ ಅತಿ ಹೆಚ್ಚು ಯಾರ್ಡ್ ಮುಂದೆ ಸಾಗಲು ಬಿಟ್ಟುಕೊಟ್ಟಿತ್ತು. ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ 2023ರ ಮಾರ್ಚ್‌ನಲ್ಲಿ ಹಿಂಬದಿ ರಕ್ಷಣೆಗೆ ಮೂವರು ಪಳಗಿದವರನ್ನು ತಂದರು. ಏಪ್ರಿಲ್ ಹೊತ್ತಿಗೆ ಕೈ ಕಟ್ಟಿರಲಿಲ್ಲ. ಆರನೇ ಸರದಿ ಬಿಟ್ಟುಕೊಟ್ಟು ಹನ್ನೆರಡಕ್ಕೆ ಇಳಿದು ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್, ಹದಿನೆಂಟರಲ್ಲಿ ಜ್ಯಾಕ್ ಕ್ಯಾಂಬೆಲ್, ಆ ಅದಲುಬದಲಿನಲ್ಲೇ ಸಿಕ್ಕ 34ನೇ ಸರದಿಯಲ್ಲಿ ಸ್ಯಾಮ್ ಲಪೋರ್ಟಾ, 45ರಲ್ಲಿ ಬ್ರಯಾನ್ ಬ್ರಾಂಚ್. ಬೇಕಿಲ್ಲದ ಜಾಗಕ್ಕೆ ದುಬಾರಿ ಸರದಿ ಸುರಿದರು ಎಂದು ಟಿವಿಯಲ್ಲಿ ಬೈದವರು ಕಡಿಮೆಯಿಲ್ಲ. ಆ ಋತುವಿನಲ್ಲಿ ತಂಡ 12 ಗೆದ್ದು 5 ಸೋತಿತು, 1993ರ ನಂತರ ಮೊದಲ ಬಾರಿಗೆ ತನ್ನ ವಿಭಾಗ ಗೆದ್ದಿತು. ಲಪೋರ್ಟಾ 86 ಬಾರಿ ಚೆಂಡು ಹಿಡಿದು ಮೊದಲ ವರ್ಷದ ಟೈಟ್ ಎಂಡ್‌ಗಳಲ್ಲಿ, ಅಂದರೆ ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರರಲ್ಲಿ, ಆಗಿನ ದಾಖಲೆ ಮಾಡಿದರು. ಜನವರಿಯಲ್ಲಿ ರ್‍ಯಾಮ್ಸ್ ವಿರುದ್ಧ 24–23ರಿಂದ ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಕೊರೆಯುವ ಚಳಿಯಲ್ಲೂ ಜನ ಬಾಗಿಲು ತೆರೆದು ಹೊರಗೆ ಬಂದು ಕೂಗಿದರು. ಮೂವತ್ತೆರಡು ವರ್ಷಗಳ ನಂತರ ಬಂದ ಪ್ಲೇಆಫ್ ಗೆಲುವು ಅದು.

ಅದೇ ಹೋಮ್ಸ್ ಮರುವರ್ಷ ಕೊರತೆಯನ್ನೇ ನೋಡಿದರು. 2024ರ ಡ್ರಾಫ್ಟ್ ಡೆಟ್ರಾಯಿಟ್ ನಗರದ ನಡುವೆಯೇ ನಡೆಯಿತು. ಮೂರು ದಿನದಲ್ಲಿ ಏಳೂಮುಕ್ಕಾಲು ಲಕ್ಷ ಜನ, ಆವರೆಗಿನ ದಾಖಲೆ. ಮೊದಲ ರಾತ್ರಿ ನಾನೂ ಆ ನೀಲಿ ಜೆರ್ಸಿಗಳ ಗುಂಪಿನಲ್ಲಿ ನಿಂತಿದ್ದೆ. ತಂಡ 29ರಿಂದ 24ಕ್ಕೆ ಏರಿ, ಎದುರಾಳಿ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್ ಟೆರಿಯನ್ ಆರ್ನಲ್ಡ್ ಅವರ ಹೆಸರು ಕೊಟ್ಟಾಗ ಪಕ್ಕದಲ್ಲಿದ್ದ ಅಪರಿಚಿತ ಅಜ್ಜ ನನ್ನ ಭುಜ ಹಿಡಿದು ಕುಲುಕಿದರು. ಹಿಂದಿನ ವರ್ಷ ತಂದ ಕಾರ್ನರ್‌ಬ್ಯಾಕನ್ನು ಮಾರ್ಚ್‌ನಲ್ಲೇ ಕೈಬಿಟ್ಟಿದ್ದರು, ಆ ಜಾಗ ಬರಿದಾಗಿತ್ತು. ಆದರೆ ಆರ್ನಲ್ಡ್ ಇನ್ನೂ ಮುಂಚೆಯೇ ಹೋಗುತ್ತಾರೆಂದು ಹಲವರು ಅಂದಾಜಿಸಿದ್ದರು. ಕೊರತೆಯೂ ಬೆಲೆಯೂ ಒಂದೇ ಕಡೆ ಸೇರಿದ್ದವು.

ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮಾತ್ರ ಬೇರೆ ಲೆಕ್ಕ; ಜಾಗ ತುಂಬಿದ್ದರೂ ಆರಿಸುವುದುಂಟು. ನಮಗೆ ವರ್ಷಕ್ಕೆರಡು ಬಾರಿ ಎದುರಾಗುವ ಗ್ರೀನ್ ಬೇ 2005ರಲ್ಲಿ, ಬ್ರೆಟ್ ಫಾರ್ವ್ ಇನ್ನೂ ಆಡುತ್ತಿರುವಾಗಲೇ, 24ನೇ ಸರದಿಯಲ್ಲಿ ಆರನ್ ರಾಜರ್ಸ್ ಅವರನ್ನು ಆರಿಸಿ ಮೂರು ವರ್ಷ ಬೆಂಚಿನಲ್ಲಿ ಕೂರಿಸಿತು. ಆಮೇಲೆ ಅವರಿಂದ ಲಯನ್ಸ್ ಪಟ್ಟ ಪಾಡು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮುಂದಿನ ಡ್ರಾಫ್ಟ್ ನೋಡುವುದಾದರೆ ಮಾರ್ಚ್‌ನಿಂದಲೇ ಶುರುಮಾಡಿ. ಲಯನ್ಸ್ ಯಾರನ್ನು ತಂದಿತು, ಯಾರನ್ನು ಬಿಟ್ಟಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಗುರುವಾರ ರಾತ್ರಿ ಮೊದಲ ಸುತ್ತು, ಶುಕ್ರವಾರ ಎರಡು ಮೂರನೆಯವು, ಉಳಿದವು ಶನಿವಾರ. ಗುರುವಾರ ನಮ್ಮ ಮನೆಗೇ ಬನ್ನಿ, ನೀವಿರುವಲ್ಲಿಂದ ಇಪ್ಪತ್ತು ನಿಮಿಷದ ದಾರಿ.